ಔಷಧಿ ಅಲ್ಲ, ವಿಷ

ಕೀಟನಾಶಕದ ಅಂಗಡಿಯವರ ಎದುರು 'ಔಷಧಿ' ಎಂಬ ಮಾತು ಬಾಯಿ ತಪ್ಪಿ ಬಂದರೂ ಸಾಕು, ಅವರ ಮೂಗಿನ ತುದಿ ಕೆಂಪಾಗುತ್ತದೆ. "ಔಷಧಿ ಬೇಕಾದ್ರೆ ಎದುರುಗಡೆ ಮೆಡಿಕಲ್‌ಗೆ ಹೋಗಿ. ನಾನು ಮಾರೋದು ವಿಷ!" ಬಂದವರು ಮೊದಲು ಉತ್ತರ ಹೇಳಬೇಕು: ಗಿಡವನ್ನು ತಿಂದದ್ದು ಕೀಟವೋ, ಗಿಡಕ್ಕೆ ತಗುಲಿದ್ದು ರೋಗವೋ, ಪಕ್ಕದಲ್ಲಿ ಎದ್ದದ್ದು ಕಳೆಯೋ? ಎಲ್ಲಕ್ಕೂ 'ಏನೋ ರೋಗ' ಎನ್ನುವವರಿಗೆ ಬೈಗುಳವೇ ಗತಿ. ಹಳದಿ ಎಲೆ ಹಿಡಿದು ಬಂದ ನಿವೃತ್ತ ಮೇಷ್ಟ್ರನ್ನೂ ಅವರು ಬಿಡಲಿಲ್ಲ: "ಇದು ರೋಗ ಅಲ್ಲ ಸಾರ್, ನಿಮ್ಮ ಅತಿ ಪ್ರೀತಿ. ನೀರು ಕಡಿಮೆ ಹಾಕಿ, ನಡೀರಿ." "ಹಾಕಿ ಹಾಕಿ, ಬಂದ ಗಿರಾಕೀನೆಲ್ಲ ಕಳೆ ಕಿತ್ತ ಹಾಗೆ ಕಿತ್ತು ಹಾಕಿ!" ಎಂದು ಹೆಂಡತಿ ಒಳಗಿನಿಂದ ಗೊಣಗಿದರೆ ಅವರದು ಜಾಣ ಕಿವುಡು. ಮೊನ್ನೆ ಒಬ್ಬಾಕೆ ಖಾಲಿ ಜ್ಯೂಸ್ ಬಾಟಲಿ ಚಾಚಿ, "ಅಣ್ಣಾ, ಗುಲಾಬಿಗೆ ಹೇನು ಹತ್ತಿದೆ, ಒಂಚೂರು ಔಷಧಿ ಇದಕ್ಕೇ ಸುರೀರಿ" ಎಂದಾಗ ಅವರು ಬಾಟಲಿಯನ್ನು ಕಸಿದು, ಕಾಲಡಿ ಹಾಕಿ ಚಪ್ಪಟೆಯಾಗುವಂತೆ ತುಳಿದರು. "ಮನೇಲಿ ಮಕ್ಕಳಿಲ್ವೇನಮ್ಮಾ? ವಿಷ ಅಂತ ಹೇಳೋಕೆ ನಾಲಿಗೆ ಸವೆಯುತ್ತಾ?" "ಒಂದು ಮಾತಿಗೆ ಇಷ್ಟು ರಂಪಾನಾ?" ಎಂದು ಆಕೆ ಸಿಡುಕಿದಳು. ಅವರು ಚಪ್ಪಟೆಯಾದ ಬಾಟಲಿಯನ್ನು ಎತ್ತಿ ಕಸದ ಬುಟ್ಟಿಗೆ ಎಸೆದರು. ಅವರ ಚಿಕ್ಕಂದಿನಲ್ಲಿ, ಕೆಮ್ಮುತ್ತಿದ್ದ ಪುಟ್ಟ ತಮ್ಮನಿಗೆ ಅಮ್ಮ ಅಡುಗೆಮನೆಯಿಂದಲೇ, "ಗೂಡಲ್ಲಿ ಔಷಧಿ ಇದೆ, ಕುಡಿದು ಮಲಗು ಕಂದಾ" ಎಂದು ಕೂಗಿ ಹೇಳಿದ್ದರು. ಗೋಡೆಯ ಗೂಡಿನಲ್ಲಿ ಎರಡು ಬಾಟಲಿಗಳಿದ್ದವು. ಕೆಮ್ಮಿನದಕ್ಕೂ ಗಿಡದ್ದಕ್ಕೂ ಆ ಮನೆಯಲ್ಲಿ ಒಂದೇ ಹೆಸರು. ಹೇಳಿದ ಮಾತು ಕೇಳುವ ಮಗು, ಕುಡಿದು ಮಲಗಿತು.