ಫ್ಲಾಪಿಗೆ ಹಚ್ಚಿದ ಕುಂಕುಮ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಿಪ್ಪಾಣಿಯ ಒಂದು ಸಗಟು ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಪಂಪ್‌ಸೆಟ್ಟಿನ ಬಿಡಿಭಾಗಗಳ ವ್ಯಾಪಾರ. ಒಂದು ವರ್ಷ ಮಾಲೀಕರು ದರಪಟ್ಟಿ ಅಚ್ಚು ಹಾಕಿಸುವುದನ್ನೇ ನಿಲ್ಲಿಸಿದರು. ಇನ್ನು ದರ ಫ್ಲಾಪಿಯಲ್ಲಿ ಮಾತ್ರ, ಆರ್ಡರನ್ನೂ ಅದರಲ್ಲೇ ತುಂಬಿ ಕಳಿಸಬೇಕು. ದೀಪಾವಳಿ ಕಳೆದ ಮೇಲೆ ಹಾಗೆ ಕಳಿಸದವರ ಏಜೆನ್ಸಿ ಬೇರೆಯವರ ಪಾಲು. ಊರೂರಿಗೆ ಫ್ಲಾಪಿ ಒಯ್ದು ಕೊಡುವ ಕೆಲಸ ನನಗೆ ಬಂತು.

ಅಂಕಲಿಯಲ್ಲಿ ವಯಸ್ಸಾದ ಒಬ್ಬ ಜೈನ ವ್ಯಾಪಾರಿ ಇದ್ದರು. ನಮ್ಮ ಮಾಲನ್ನು ಬಿಟ್ಟು ಬೇರೇನನ್ನೂ ಮಾರುತ್ತಿರಲಿಲ್ಲ. ಕರಿ ರಟ್ಟಿನಂಥ ಆ ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

“ಇದರಾಗ ದರ ಎಲ್ಲಿ ಐತ್ರಿ?”

“ಒಳಗ ಐತ್ರಿ. ಕಣ್ಣಿಗೆ ಕಾಣೂದಿಲ್ಲ.”

“ನಮ್ಮ ಮಗನ ಬುದ್ಧಿ ಇದ್ಹಂಗ ಬಿಡ್ರಿ.”

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಗ, “ಅಪ್ಪಾ, ಪರೂರವರ ಮುಂದ ಮರ್ಯಾದಿ ತಗೀಬ್ಯಾಡ” ಎಂದು ನಕ್ಕ.

ಚಿಕ್ಕೋಡಿಯ ಟೈಪಿಂಗ್ ಕ್ಲಾಸಿಗೆ ಕಂಪ್ಯೂಟರ್ ಬಂದಿದೆ, ಅಲ್ಲಿ ಆರ್ಡರ್ ತುಂಬಿಸಬಹುದು ಎಂದೆ. ಹಬ್ಬ ಮುಗಿದ ಮರುದಿನವೇ ಅವರು ಅಲ್ಲಿಗೆ ಬಂದರು. ಸಹಾಯಕ್ಕೆಂದು ನಾನೂ ಹೋಗಿದ್ದೆ. ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಬಿಚ್ಚಿದರು. ಫ್ಲಾಪಿಯ ಸೀಳಿನಲ್ಲಿ, ಒಳಗಿನ ತಟ್ಟೆ ತೆರೆದು ಕಾಣುವ ಜಾಗದಲ್ಲಿ, ಅರಿಶಿನ ಕುಂಕುಮ ಒಣಗಿ ಅಂಟಿತ್ತು. ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕಗಳ ಜೊತೆ ಅದನ್ನೂ ಇಟ್ಟಿದ್ದರು.

“ಇದಕ್ಯಾಕ ಹಚ್ಚಿದ್ರಿ?”

“ಎಲ್ಲಾ ಇದರಾಗ ಐತಿ ಅಂತ ನೀವ ಹೇಳಿದ್ರೆಲ್ಲ. ಲಕ್ಷ್ಮೀಗೆ ಕುಂಕುಮ ಇಡಬಾರದೇನ್ರಿ?”

ನಾನು ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಒರೆಸಿದಷ್ಟೂ ಗೀರು ಬಿತ್ತು. ಕ್ಲಾಸಿನವನು ಅದನ್ನು ಯಂತ್ರಕ್ಕೆ ಹಾಕಗೊಡಲಿಲ್ಲ.

ನಿಪ್ಪಾಣಿಗೆ ಮರಳಿ, ಅವರಿಗೆ ಇನ್ನೊಂದು ಪ್ರತಿ ಮಾಡಿಕೊಡಲೇ ಎಂದು ಮಾಲೀಕರನ್ನು ಕೇಳಿದೆ. “ಪೂಜಾ ಮಾಡಾಕ ಗುಡಿ ಅದಾವಲ್ಲ” ಎಂದರು. ತಲೆ ಎತ್ತಲಿಲ್ಲ. ಏಜೆನ್ಸಿ ಅಂಕಲಿಯಲ್ಲೇ ಬೇರೊಬ್ಬರಿಗೆ ಹೋಯಿತು.

ಉಳಿದ ಮಾಲನ್ನು ವಾಪಸು ತರಲು ನನ್ನನ್ನೇ ಕಳಿಸಿದರು. ಆ ಹಿರಿಯರು ಒಂದೊಂದೇ ಪೆಟ್ಟಿಗೆಯನ್ನು ಇಳಿಸಿ, ಧೂಳು ಒರೆಸಿ ಕೊಟ್ಟರು. ನಾನು ಚೀಲಕ್ಕೆ ತುಂಬಿದೆ. ಮಗ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಅಷ್ಟರಲ್ಲಿ ಒಬ್ಬ ರೈತ ಓಡುತ್ತ ಬಂದ.

“ಫುಟ್‌ವಾಲ್ವ್ ಒಡದೈತ್ರಿ ಕಾಕಾ. ಕಬ್ಬಿಗೆ ನೀರ ಬಂದ್ ಆಗ್ಯಾವು. ಲಗೂ ಕೊಡ್ರಿ.”

ಹೊಸ ಫುಟ್‌ವಾಲ್ವ್ ಅವರ ಕೈಯಲ್ಲೇ ಇತ್ತು. ಅವರು ಅದನ್ನು ನನ್ನ ಕಡೆ ಚಾಚಿದರು.

“ನಮ್ಮಲ್ಲಿ ಸಿಗೂದಿಲ್ಲಪಾ,” ಎಂದರು.

ರೈತ ಚೀಲವನ್ನು ನೋಡಿದ, ಅವರನ್ನು ನೋಡಿದ. “ಚೇಷ್ಟಿ ಮಾಡಬ್ಯಾಡ್ರಿ ಕಾಕಾ” ಎಂದ.

ಅವರು ಖಾಲಿ ಹಲಗೆಯನ್ನು ಒರೆಸತೊಡಗಿದರು.