ರಾಗಿ ಕೂತ ಜಾಗ

ಚೆನ್ನೈನ ವೇಲಚೇರಿಯಲ್ಲಿ ನಮ್ಮ ಎದುರುಮನೆಯಾಕೆ ಅಂಗಡಿಯ ಯಾವ ಡಬ್ಬಿಯನ್ನೂ ಮುಂದಿನಿಂದ ನೋಡುತ್ತಿರಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು, "ತಿರುಗಿಸಿ, ತಿರುಗಿಸಿ" ಎನ್ನುತ್ತಲೇ ನಮ್ಮ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ನನ್ನ ಮೊಮ್ಮಗಳಿಗೆ ಆಗಷ್ಟೇ ಹಲ್ಲು ಮೂಡಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಬಾರದ ನಾನು, ರಾಗಿ ತೆನೆಯ ಚಿತ್ರ ನೋಡಿ, ಕೂಸಿಗೆಂದು ಒಂದು ಮಾಲ್ಟ್ ಡಬ್ಬಿ ಎತ್ತಿಕೊಂಡೆ. ಅಲ್ಲೇ ಸಿಕ್ಕ ಆಕೆ ಅದರ ಬೆನ್ನು ಓದಿ ಕೆಂಡವಾದರು.

"ಮುಂದೆ 'ರಾಗಿಯ ಬಲ' ಅಂತ ದಪ್ಪಕ್ಷರ! ಜಾಸ್ತಿ ಇರೋದನ್ನ ಹಿಂದಿನ ಪಟ್ಟೀಲಿ ಮೊದಲು ಬರೀಬೇಕು ರೀ, ಅದು ರೂಲು. ಮೊದಲನೇ ಎಲೇಲಿ ಸಕ್ಕರೆ ಕೂತಿದೆ. ನಿಮ್ಮ ರಾಗಿ ಎಲ್ಲಿದೆ ಗೊತ್ತಾ? ಕೊನೇ ಪಂಕ್ತೀಲಿ, ಕೈ ತೊಳೆಯೋ ಜಾಗದ ಹತ್ರ!"

ಅಷ್ಟಕ್ಕೆ ನಿಲ್ಲಲಿಲ್ಲ. ಆ ಸಾಲಿನ ಡಬ್ಬಿಗಳನ್ನೆಲ್ಲ ಬೆನ್ನು ಕಾಣುವಂತೆ ತಿರುಗಿಸಿಟ್ಟರು. ಅಂಗಡಿಯವನು ಓಡಿಬಂದು, "ಪಾಟಿ, ಎನ್ನ ಪಣ್ರೀಂಗ?" ಏನಜ್ಜಿ ಮಾಡ್ತಿದ್ದೀರಿ ಎಂದು ತಮಿಳಿನಲ್ಲಿ ಗದರಿದ. ಸಿಟ್ಟು ಬಂದರೆ ಆಕೆಗೆ ಕನ್ನಡವೇ ಬರುತ್ತಿತ್ತು.

"ನೀ ಮುಖ ತೋರಿಸಿ ಮಾರ್ತೀಯ, ನಾ ಬೆನ್ನು ತೋರಿಸ್ತೀನಿ. ಹೋಗಪ್ಪಾ!"

ಆಮೇಲೆ ಆಕೆ ಅಡ್ಯಾರಿನ ಮಗಳ ಮನೆಗೆ ಹೋದರು. ನಾನೇ ಮೊಳಕೆ ಕಟ್ಟಿ ಮಾಡಿದ ರಾಗಿ ಸರಿ ತಿಂದು, ನನ್ನ ಬಂಗಾರಿ ಹಾಲುಹಲ್ಲು ತೋರಿಸಿ ನಗುತ್ತಾಳೆ. ನೋಡಿದಾಗಲೆಲ್ಲ ಹಿಗ್ಗು, ಹಿಂದೆಯೇ ಸಿಟ್ಟು: ಆ ಡಬ್ಬಿಯವರು ಈ ಬಾಯಿಗೆ ಸುಳ್ಳು ತಿನ್ನಿಸಲು ಹೊರಟಿದ್ದರಲ್ಲ! ಇಂದಿಗೂ ಆ ಅಂಗಡಿಗೆ ಹೋದರೆ, ಹಿಂದಿನ ಒಂದಕ್ಷರವನ್ನೂ ಓದಲು ಬಾರದಿದ್ದರೂ, ಕೈಗೆ ಸಿಕ್ಕ ಡಬ್ಬಿಗಳನ್ನು ತಿರುಗಿಸಿಟ್ಟೇ ಬರುತ್ತೇನೆ.