ಕೋಚಿನ ಹಣೆಗೊಂದು ಬೊಟ್ಟು

ಹೋದ ಭಾನುವಾರ ಮೊಮ್ಮಗಳು ಲಾಸ್ ಆಲ್ಟೋಸ್‌ನ ಯಾವುದೋ ದುಬಾರಿ ಅಂಗಡಿಯಿಂದ ಒಂದು ಹಿಟ್ಟಿನ ಪೊಟ್ಟಣ ತಂದಳು. ಹೈಸ್ಕೂಲು ಸೇರಿದ ಮೇಲೆ ಅವಳಿಗೆ ವಾರಕ್ಕೊಂದು ಧಾನ್ಯದ ಹುಚ್ಚು. ಮೂಲೆ ಕತ್ತರಿಸಿ, "ಅಜ್ಜಿ, ಸ್ಮೆಲ್ ದಿಸ್" ಎಂದು ನನ್ನ ಮೂಗಿನ ಹತ್ತಿರ ಹಿಡಿದಳು. ಹುರಿದ ಜೋಳದ ಘಮ, ಅದರ ಹಿಂದೆಯೇ ಸಣ್ಣಗೆ ಹೊಗೆಯ ವಾಸನೆ... ನೀಲಿ ಅಂದರೆ ನೀಲಿಯಲ್ಲ, ಬೂದಿ ಅಂದರೆ ಬೂದಿಯಲ್ಲ, ಅಂಥ ಬಣ್ಣದ ಹಿಟ್ಟು. ನಾನು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ. ಆ ವಾಸನೆ ನನ್ನ ಅಡುಗೆಮನೆಗೆ ಬಂದು ನಲವತ್ತು ವರ್ಷವಾಗಿತ್ತು.

ಅದು ನೀಲಿ ಮುಸುಕಿನ ಜೋಳದ ಹಿಟ್ಟು. ನನಗೆ ಅದರ ರುಚಿ ಹತ್ತಿಸಿದವನು ಸ್ಯಾನ್ ಮಟಿಯೋದಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಹುಡುಗ. ಅವನ ಹೆಸರು ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಬರೆಯುವುದಿಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಂಡ್ಯ ಕಡೆಯವಳು. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮದುವೆಯಾಗಿ, ಇಲ್ಲಿ ಅಮೆರಿಕಕ್ಕೆ ಬಂದು ಎರಡು ವರ್ಷವಾಗಿತ್ತು. ಯಜಮಾನರು ಬೆಳಿಗ್ಗೆ ಫ್ರೀವೇ ಹಿಡಿದು ಆಫೀಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ನನಗೆ ಕೆಲಸವೆಂದರೆ ಮೇಲಿನ ಮನೆಯವರ ಹೆಜ್ಜೆ ಸದ್ದು ಕೇಳುವುದು. ಅಲ್ಲಿ ಮೂವರು ಆಟಗಾರರಿದ್ದರು. ಆಗ ನಮ್ಮ ಕಡೆ ಒಂದು ಫುಟ್‌ಬಾಲ್ ತಂಡವಿತ್ತು. ಇಲ್ಲಿನವರ ಬಾಯಲ್ಲಿ ಅದು ಸಾಕರ್. ಸಂಬಳ ಕೊಟ್ಟು ಆಡಿಸುವ ತಂಡ. ಹೊಸಬರನ್ನು ಎರಡು ತಿಂಗಳು ಆಡಿಸಿ ನೋಡುತ್ತಿದ್ದರು, ಒಪ್ಪಿದರೆ ಕರಾರು, ಇಲ್ಲದಿದ್ದರೆ ಬಸ್ಸಿನ ಟಿಕೇಟು. ನಮ್ಮ ಹುಡುಗ ಹಾಗೆ ಬಂದವನು. ಇಪ್ಪತ್ತು ವರ್ಷ. ಅರಿಜೋನಾದ ಒಣನೆಲದಲ್ಲಿ ಕುರಿ ಸಾಕಿಕೊಂಡಿರುವ ನವಾಹೋ ಜನಾಂಗದವನು, ರೆಡ್ ಇಂಡಿಯನ್ನರೆಂದು ಕರೆಯುತ್ತಿದ್ದ ಈ ದೇಶದ ಮೂಲನಿವಾಸಿ.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಅನ್ನುತ್ತಾರಲ್ಲ, ಹಾಗೆ ಒಂದು ಶನಿವಾರ ಅವನೇ ನಮ್ಮ ಬಾಗಿಲಿಗೆ ಬಂದ. ಒಲೆಯ ಮೇಲೆ ಮಟನ್ ಸಾರು ಕುದಿಯುತ್ತಿತ್ತು. ಹಿಂದಿನ ತಿಂಗಳಷ್ಟೇ ಪಕ್ಕದ ಮನೆಯವರು ಒಗ್ಗರಣೆ ವಾಸನೆಗೆ ಮ್ಯಾನೇಜರ್‌ಗೆ ದೂರು ಕೊಟ್ಟಿದ್ದರು. ಇವನೂ ಅದಕ್ಕೇ ಬಂದ ಅಂದುಕೊಂಡು ಸಾರಿ ಹೇಳಲು ಬಾಯಿ ತೆರೆದೆ. ಅವನು ನಮ್ಮ ಕಾಲೊರಸನ್ನೇ ನೋಡುತ್ತಾ, ತೀರಾ ಮೆಲ್ಲಗೆ, ಇದು ಕುರಿ ಮಾಂಸ ತಾನೆ ಎಂದು ಕೇಳಿದ. ಇಲ್ಲಿಗೆ ಬಂದು ಮೂರು ವಾರವಾಯಿತು, ಯಾರ ಮನೆಯಲ್ಲೂ ಕುರಿ ಬೇಯಿಸುವುದಿಲ್ಲ ಅಂದ.

ಯಜಮಾನರು ಒಳಗಿನಿಂದಲೇ ಕೂಗಿ ಕರೆದರು. ನೀನೂ ಇಂಡಿಯನ್, ನಾವೂ ಇಂಡಿಯನ್ ಎಂಬ ಆ ಹಳೇ ಜೋಕನ್ನು ಮಾಡಿಯೇ ಮಾಡಿದರು. ಪಾಪ, ನೂರು ಸಲ ಕೇಳಿದ್ದರೂ ಅವನು ನಕ್ಕ. ಒಳಗೆ ಬರುವ ಮುಂಚೆ, ಯಾರೂ ಹೇಳದಿದ್ದರೂ, ಬೂಟು ಬಿಚ್ಚಿ ನಮ್ಮ ಚಪ್ಪಲಿಗಳ ಪಕ್ಕ ಇಟ್ಟ. ಅದು ನನಗೆ ಬಹಳ ಇಷ್ಟವಾಯಿತು. ಉಂಡ ಮೇಲೆ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಮುದ್ದೆ ಕೋಲನ್ನು ಮುಟ್ಟಿ ನೋಡಿದ. ಅವನ ಅಜ್ಜಿಯ ಹತ್ತಿರವೂ ಹಿಟ್ಟು ತಿರುವುವ ಕಡ್ಡಿಗಳ ಒಂದು ಕಟ್ಟು ಇತ್ತಂತೆ.

ಮುಂದಿನ ವಾರ ಅಜ್ಜಿ ಕಟ್ಟಿಕೊಟ್ಟಿದ್ದ ನೀಲಿ ಹಿಟ್ಟು ತಂದು, ನನ್ನ ಕೋಲಿನಲ್ಲೇ ತಿರುವಿ ಗಂಜಿ ಮಾಡಿದ. ಚಿಟಿಕೆ ಬೂದಿಯನ್ನೂ ಹಾಕಿದ, ಅವರ ಕಡೆಯ ಯಾವುದೋ ಮರದ ಬೂದಿ. ನಾನು ಮೂಗು ಮುರಿದೆ. ಆದರೆ ಬಟ್ಟಲಿಗೆ ಬಗ್ಗಿಸಿದಾಗ ಬಣ್ಣ ನೋಡಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ. ಥೇಟ್ ರಾಗಿ ಅಂಬಲಿ. ಆ ಕಾಲದಲ್ಲಿ ರಾಗಿ ಇಲ್ಲಿಗೆ ಬರುತ್ತಿದ್ದದ್ದು ಯಾರದಾದರೂ ಸೂಟ್‌ಕೇಸಿನಲ್ಲಿ ಮಾತ್ರ.

ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವನು ಕನ್ನಡದಲ್ಲೇ ಮಾತಾಡುತ್ತಾನೆ. ನಾನು ಅವನನ್ನು ತಮ್ಮ ಅನ್ನುತ್ತಿದ್ದೆ. ಅರ್ಥ ತಿಳಿದುಕೊಂಡು, ಅಕ್ಕನಿಗೆ ಬೇರೆ ಶಬ್ದವಿರಬೇಕಲ್ಲ, ನಮ್ಮಲ್ಲಿ ಇದೆ ಅಂದ. ಅವತ್ತಿನಿಂದ ನಾನು ಅಕ್ಕನಾದೆ. ತಂಡದಲ್ಲಿ ಅವನನ್ನು ಎಲ್ಲರೂ 'ಚೀಫ್', ಅಂದರೆ ಬುಡಕಟ್ಟಿನ ಮುಖಂಡ, ಎಂದು ಅಣಕಿಸಿ ಕರೆಯುತ್ತಿದ್ದರಂತೆ. ಅವನ ಕಾಲಿಗೆ ಚೆಂಡು ಬಂದರೆ ಕೆಲವರು ಅಂಗೈಯಿಂದ ಬಾಯಿ ತಟ್ಟಿಕೊಂಡು ಸಿನಿಮಾದ ರೆಡ್ ಇಂಡಿಯನ್ನರ ಹಾಗೆ ಕೂಗುತ್ತಿದ್ದರಂತೆ. ನಿನಗೆ ಕೋಪ ಬರಲ್ವಾ ಎಂದು ಕೇಳಿದೆ.

"ನಾನು ಯಾವ ಚೀಫು ಅಕ್ಕ, ಅಜ್ಜಿಯ ಕುರಿಗಳೇ ನನ್ನ ಮಾತು ಕೇಳಲ್ಲ," ಅಂದ. ಆದರೆ ಅವತ್ತು ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಎರಡು ತಿಂಗಳು ಮುಗಿಯಲು ಹತ್ತು ದಿನವಿತ್ತು. ಒಂದು ಸಂಜೆ ಬಂದವನು ಗೋಡೆಗೆ ಒರಗಿ ನೆಲದ ಮೇಲೇ ಕೂತ. ಕೋಚ್ ಕರೆದು ಹೇಳಿದ್ದನಂತೆ: ಆಟ ಚೆನ್ನಾಗಿದೆ, ಆದರೆ ನಾನು ಮಾತಾಡುವಾಗ ನೀನು ನೆಲ ನೋಡುತ್ತೀಯ, ಮುಖ ಕೊಟ್ಟು ಮಾತಾಡದವನನ್ನು ನಾನು ನಂಬುವುದು ಹೇಗೆ? ಕಡೆಯ ದಿನ ಇನ್ನೊಮ್ಮೆ ಕರೆಯುತ್ತೇನೆ, ಆಗ ನೋಡೋಣ. ಹುಡುಗನ ಕಡೆ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೆಂದರೆ ಜಗಳಕ್ಕೆ ನಿಂತ ಹಾಗೆ. ಕೋಚಿಗೆ ಅವನ ಸೋದರಮಾವನ ವಯಸ್ಸು. ಇವನು ಮರ್ಯಾದೆಗೆ ತಲೆ ತಗ್ಗಿಸಿದರೆ ಅವನಿಗೆ ಕಂಡದ್ದು ಕಳ್ಳತನ.

ವಾಪಸು ಹೋಗಲು ನಾಚಿಕೆಯಿಲ್ಲ ಅಂದ. ಅವನು ಓದಿದ ಬೋರ್ಡಿಂಗ್ ಶಾಲೆಯ ಚಿಕ್ಕ ಹುಡುಗರು ಇವನನ್ನು ನೋಡಿ ಫುಟ್‌ಬಾಲು ಹಿಡಿದಿದ್ದರಂತೆ, ಬಸ್ ಹತ್ತುವ ದಿನ ರಸ್ತೆಯುದ್ದಕ್ಕೂ ಹಿಂದೆ ಓಡಿ ಬಂದಿದ್ದರಂತೆ. ನಾನು ಸೋತು ವಾಪಸಾದರೆ ಅವರು ಚೆಂಡು ಬಿಟ್ಟುಬಿಡುತ್ತಾರೆ, ಅಷ್ಟೇ ಅಂದ.

ನನಗೆ ಅವನ ಕಷ್ಟ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದೇ ತಿಂಗಳು ಮಿಲ್ಪಿಟಾಸ್‌ನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಇಂಟರ್‌ವ್ಯೂನಲ್ಲಿ ನಾನು ಮೇಜನ್ನೇ ನೋಡಿಕೊಂಡು ಎಲ್ಲಾ ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿ ಫೇಲಾಗಿದ್ದೆ. ಧೈರ್ಯ ಸಾಲದು ಎಂದು ಬರೆದು ಕಳಿಸಿದ್ದರು. ಅವರ ಇಂಗ್ಲಿಷೇ ಸರಿಯಿರಲಿಲ್ಲ ಎಂದು ನಾನು ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಜಮಾನರು ರೇಗಿಸಿದ್ದರು. ಹೆಣ್ಣುಮಗಳು ಗಂಡಸರನ್ನು ದಿಟ್ಟಿಸಬಾರದು ಎಂದು ಹೊಡೆದು ಕಲಿಸಿದ್ದರು ನಮ್ಮವ್ವ. ಅದನ್ನು ಮರೆಸುವ ಶಾಲೆ ಎಲ್ಲಿದೆ?

ನಮ್ಮ ಅಡುಗೆಮನೆಯಲ್ಲೇ ಶುರುಮಾಡಿದೆವು. ಮೇಜಿನ ಆಚೆ ಅವನು, ಈಚೆ ನಾನು. ಹತ್ತು ಎಣಿಸುವ ತನಕ ಕಣ್ಣು ಕೀಳಬಾರದು. ಮೊದಲ ದಿನ ಮೂರು ದಾಟಲಿಲ್ಲ, ಇಬ್ಬರಿಗೂ ನಗು. ಎರಡನೇ ದಿನ ನಗು ಬರಲಿಲ್ಲ, ಅದು ಇನ್ನೂ ಕಷ್ಟ. ಅವನ ಕಿವಿ ಕೆಂಪಗಾಗುತ್ತಿತ್ತು, ನನಗೆ ಯಾರೋ ಬೆನ್ನ ಹಿಂದೆ ನಿಂತು ಬೈಯುತ್ತಿರುವ ಹಾಗಾಗುತ್ತಿತ್ತು. ಅಷ್ಟರಲ್ಲಿ ಆಫೀಸಿನಿಂದ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

"ಇದೇನಮ್ಮಿ, ದೃಷ್ಟಿ ತೆಗೀತಿದ್ದೀಯಾ?"

ವಿಷಯ ಕೇಳಿದ ಮೇಲೆ ಟೈ ಸಡಿಲಿಸಿಕೊಂಡು ಹುಡುಗನ ಪಕ್ಕ ಕೂತರು. ನನ್ನ ಹಣೆಯಲ್ಲಿ ಆಗ ಕಾಸಿನಗಲ ಕುಂಕುಮ.

"ಅವಳ ಕಣ್ಣು ಬಿಡಪ್ಪ, ಬೊಟ್ಟು ನೋಡು. ಇಡೀ ಅಮೆರಿಕ ನೋಡೋದೂ ಅದನ್ನೇ."

ಆ ಮಾತು ಕೆಲಸ ಮಾಡಿತು. ಹುಬ್ಬಿನ ನಡುವೆ ನೋಡಿದರೆ ಎದುರಿಗಿದ್ದವರಿಗೆ ಕಣ್ಣಲ್ಲೇ ಕಣ್ಣಿಟ್ಟ ಹಾಗೆ ಕಾಣುತ್ತದೆ, ನೋಡುವವರ ಜೀವವೂ ನೆಮ್ಮದಿಯಾಗಿರುತ್ತದೆ. ಹತ್ತು ಸಲೀಸಾಗಿ ದಾಟಿದ, ಇಪ್ಪತ್ತು ದಾಟಿದ, ಕೋಚ್ ಕೇಳಬಹುದಾದ ಪ್ರಶ್ನೆಗಳನ್ನು ನಾನು ಗಂಡಸು ದನಿಯಲ್ಲಿ ಕೇಳಿದರೆ ಬೊಟ್ಟಿಗೆ ಉತ್ತರ ಹೇಳಿದ. ನನಗೆ ಅಭ್ಯಾಸಕ್ಕೆಂದು ಅವನ ಹಣೆಗೂ ಒಂದು ಕುಂಕುಮ ಇಟ್ಟೆ. ಒರೆಸಿಕೊಳ್ಳುವುದು ಮರೆತು ಮೇಲಿನ ಮನೆಗೆ ಹೋದ, ಜೊತೆಯವರು ರಕ್ತವೆಂದು ಗಾಬರಿಯಾದರಂತೆ.

ಕಡೆಯ ದಿನ ನಾನು ಬೆಳಿಗ್ಗೆಯಿಂದ ಕಿಟಕಿಯಲ್ಲೇ ಇದ್ದೆ. ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಮೇಲಕ್ಕೆ ಹೋಗಲಿಲ್ಲ, ನಮ್ಮ ಬಾಗಿಲಲ್ಲಿ ನಿಂತಿತು. ಬೂಟು ಬಿಚ್ಚುವ ಸದ್ದು. ಕೈಯಲ್ಲಿ ಕರಾರಿನ ಕಾಗದವಿತ್ತು.

"ಕೋಚಿನ ಹಣೆಗೆ ನಿಮ್ಮ ಬೊಟ್ಟು ಇಟ್ಟುಬಿಟ್ಟೆ ಅಕ್ಕ. ಅವನಿಗೆ ಚೆನ್ನಾಗೇ ಒಪ್ಪಿತು."

ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಗೋಡೆ ಬಡಿದರು. ಮುಂದಿನ ತಿಂಗಳು ನಾನೂ ಮಿಲ್ಪಿಟಾಸ್‌ನ ಇನ್ನೊಂದು ಕಂಪನಿಯಲ್ಲಿ ಮೂವರು ಟೈ ಕಟ್ಟಿದ ಮ್ಯಾನೇಜರುಗಳಿಗೆ ಮನಸ್ಸಿನಲ್ಲೇ ಸಾಲಾಗಿ ಕುಂಕುಮವಿಟ್ಟು ಕೆಲಸ ಗಿಟ್ಟಿಸಿದೆ. ಆ ಎರಡು ವರ್ಷ ನನ್ನ ಬಾಳಿನ ಒಳ್ಳೆಯ ವರ್ಷಗಳಲ್ಲಿ ಸೇರಿವೆ. ಶನಿವಾರ ಆಟ, ಆಮೇಲೆ ನಮ್ಮಲ್ಲಿ ಮಟನ್ ಸಾರು, ಮುದ್ದೆಯೋ ನೀಲಿ ಗಂಜಿಯೋ ಯಾವುದಿತ್ತೋ ಅದು. ಅವನು ಗೋಲು ಹೊಡೆದರೆ ನಾನು ಸ್ಟೇಡಿಯಂನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತಿದ್ದೆ. 'ಚೀಫ್' ಅನ್ನುವುದು ಪೂರ್ತಿ ನಿಲ್ಲಲಿಲ್ಲ. ಒಮ್ಮೆ ಬಿಡುವಿನಲ್ಲಿ ಹಾಗೆ ಕರೆದವನ ಹಣೆಯನ್ನೇ ನೋಡುತ್ತಾ ನಿಂತನಂತೆ, ಇಪ್ಪತ್ತು ಎಣಿಸುವಷ್ಟು ಹೊತ್ತು. ಆ ಒಬ್ಬ ಮಾತ್ರ ಮುಂದೆಂದೂ ಕರೆಯಲಿಲ್ಲ.

ಮೊದಲ ಸೀಸನ್ ಮುಗಿಸಿ ಊರಿಗೆ ಹೋಗಿ ಬಂದವನ ಮುಖ ಸಪ್ಪಗಿತ್ತು. ಅಜ್ಜಿ ಎದುರು ಕೂತು ತಂಡದ ವಿಚಾರ ಹೇಳುತ್ತಿದ್ದಾಗ ಆಕೆ ಮುಖ ಆಚೆ ತಿರುಗಿಸಿಕೊಂಡು, ನನ್ನ ಮೇಲೆ ಯಾಕೆ ಕೋಪ ಮಾಡಿಕೊಂಡಿದ್ದೀಯ ಎಂದು ಕೇಳಿದರಂತೆ. ಆಮೇಲೆ ಅವನಿಗೆ ಹೊಳೆಯಿತಂತೆ, ತಾನು ಅಷ್ಟು ಹೊತ್ತೂ ಅಜ್ಜಿಯನ್ನು ದಿಟ್ಟಿಸುತ್ತಿದ್ದೆನೆಂದು. ನೀವು ಕಲಿಸಿದ್ದನ್ನು ಹೇಗೆ ಬಿಡುವುದು ಅಕ್ಕ, ಎಂದು ಕೇಳಿದ. ನನ್ನ ಕಥೆಯೂ ಅದೇ ಆಗಿತ್ತು. ಆ ಚಳಿಗಾಲದಲ್ಲೇ ನಾವು ಊರಿಗೆ ಹೋಗಿದ್ದಾಗ ನಮ್ಮತ್ತೆ, "ಯಾಕವ್ವ ಹಂಗ್ ಗುರಾಯಿಸ್ತೀಯಾ, ನಾನೇನ್ ತಪ್ ಮಾಡ್ದೆ?" ಎಂದು ಕಣ್ಣೀರು ಹಾಕಿದ್ದರು.

ಬಾಗಿಲ ಕಡೆ ನೋಡಿದೆ. ಅಲ್ಲಿ ಅವನ ಬೂಟು, ನಮ್ಮ ಚಪ್ಪಲಿ.

"ಕೋಚಿನ ಕಣ್ಣನ್ನ ಬೂಟಿನ ಜೊತೆ ಹೊರಗೇ ಬಿಡು ತಮ್ಮ," ಅಂದೆ. "ಹೊರಗೆ ಹೋಗುವಾಗ ಹಾಕ್ಕೊಂಡು ಹೋಗು."

ಅವನು ತಲೆಯಾಡಿಸಿದ. ಒಪ್ಪಿದನೋ, ನನ್ನ ಸಮಾಧಾನಕ್ಕೋ, ಗೊತ್ತಾಗಲಿಲ್ಲ.

ಎರಡನೇ ಸೀಸನ್ ಆದ ಮೇಲೆ ತಂಡವೇ ಮುಚ್ಚಿಹೋಯಿತು. ಬೇರೆ ಊರುಗಳಿಗೆ ಹೋಗಿ ಕೇಳಬಹುದಿತ್ತು, ಅವನು ಕೇಳಲಿಲ್ಲ. ತನ್ನ ಶಾಲೆಯ ಹುಡುಗರಿಗೆ ಆಟ ಹೇಳಿಕೊಡುತ್ತೇನೆ ಅಂದ. ಹೊರಡುವ ದಿನ ಬಂದು ಉಂಡ, ಉಳಿದಿದ್ದ ನೀಲಿ ಹಿಟ್ಟನ್ನೆಲ್ಲ ನನ್ನ ಡಬ್ಬಿಗೆ ಸುರಿದ. ಬಾಗಿಲಲ್ಲಿ ನಿಂತು, ಹೋಗ್ತೀನಿ ಅನ್ನಬಾರದು ಎಂದು ನಾನು ಕಲಿಸಿದ್ದ ಹಾಗೆ, ಕನ್ನಡದಲ್ಲೇ, "ಅಕ್ಕ, ಬರ್ತೀನಿ" ಅಂದ. ಆಗ ಅವನು ನನ್ನ ಬೊಟ್ಟು ನೋಡಲಿಲ್ಲ. ಕಣ್ಣು ಇಳಿಸಿ ನನ್ನ ಕಾಲನ್ನೇ ನೋಡುತ್ತಿದ್ದ. ಬೂಟು ಇನ್ನೂ ಹೊರಗೇ ಇತ್ತು. ನನಗೆ ಅಳು ಬಂತು, ಹೆಮ್ಮೆಯೂ ಆಯಿತು.

ಕೆಲವು ವರ್ಷ ಕಾಗದ ಬರುತ್ತಿತ್ತು. ಮಕ್ಕಳು ಎಷ್ಟು ಜನ, ಯಾರು ಗೋಲು ಹೊಡೆದರು, ಅಜ್ಜಿ ಈಗ ಮುಖ ತಿರುಗಿಸುವುದಿಲ್ಲ... ಆಮೇಲೆ ನಾವು ಮನೆ ಬದಲಾಯಿಸಿದೆವು, ನನಗೂ ಮಕ್ಕಳಾದವು, ಬರೆಯುವುದು ನಿಂತಿತು. ನಿಲ್ಲಿಸಿದವಳು ನಾನೇ. ಅದನ್ನು ಒಪ್ಪಿಕೊಳ್ಳಬೇಕು.

ಹೋದ ಭಾನುವಾರ ಗಂಜಿ ಮಾಡಿ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಹೆಸರು ಕೇಳಿದಳು, ಹೇಳಿದೆ. ಫೋನಿನಲ್ಲಿ ಹುಡುಕಿದಳು, ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳ ಮುಖ ಬದಲಾಯಿತು.

"ಅಜ್ಜಿ... ಹಿ ಪಾಸ್ಡ್ ಅವೇ."

ನಾಲ್ಕು ವರ್ಷವಾಗಿತ್ತಂತೆ. ಚಿತ್ರ ತೋರಿಸಿದಳು. ಒಣನೆಲದ ಮೈದಾನ, ಬಿಳಿಗೂದಲು, ಕೊರಳಲ್ಲಿ ಸೀಟಿ, ಸುತ್ತ ಇಪ್ಪತ್ತು ಮೂವತ್ತು ಹುಡುಗರು ಹುಡುಗಿಯರು, ಒಬ್ಬೊಬ್ಬರ ಕಾಲ ಹತ್ತಿರ ಒಂದೊಂದು ಚೆಂಡು. ಅವರು ಚೆಂಡು ಬಿಟ್ಟಿರಲಿಲ್ಲ. ಕೆಳಗಿದ್ದದ್ದನ್ನು ಅವಳು ಗಟ್ಟಿಯಾಗಿ ಓದಲು ಶುರುಮಾಡಿದಳು, ಮೊದಲ ಶಬ್ದವೇ ಅವನ ಹೆಸರು. ನಾನು ಅವಳ ಕೈ ಹಿಡಿದೆ.

"ಹೆಸರು ಓದಬೇಡ ಪುಟ್ಟಿ. ಸತ್ತವರ ಹೆಸರು ಅವರಲ್ಲಿ ಕೂಗಿ ಹೇಳಲ್ಲ."

ಅದನ್ನು ಅವನೇ ಹೇಳಿದ್ದ, ಅವನ ತಾತನ ಹೆಸರು ನಾನು ಕೇಳಿದಾಗ, ಇದೇ ಗಂಜಿ ತಿರುವುತ್ತಾ.

ಮೊಮ್ಮಗಳು ಹತ್ತಿರ ಬಂದು ನನ್ನ ಭುಜ ಹಿಡಿದಳು. "ಅಜ್ಜಿ, ಆರ್ ಯು ಓಕೆ? ಲುಕ್ ಅಟ್ ಮಿ." ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮಗು ಅದು, ಹುಟ್ಟಿದಾಗಿನಿಂದ. ನಾನು ನೋಡಲಿಲ್ಲ. ಚಿತ್ರದಲ್ಲಿದ್ದವನ ಮುಂದೆ ಕಣ್ಣು ಇಳಿಸಿ, ನೆಲ ನೋಡುತ್ತಾ ಕೂತೆ. ತಮ್ಮನಿಗೆ ಅಷ್ಟು ಮರ್ಯಾದೆ ನಾನೂ ಕೊಡಬೇಕಲ್ಲ.